ಅಡಿಕೆ ಬೇಯಿಸುವ ಒಲೆ

ಘಟ್ಟದ ಮೇಲಣ ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಸೀಮೆಯಲ್ಲಿ ಅಡಿಕೆ ಕೊಯ್ಲಿನ ಕಾಲಕ್ಕೆ ಸಂಚರಿಸುವವರಿಗೆ ಮನೆಗಳ ಹೊರಗೆ ಉರಿಯುವ ದೊಡ್ಡ ಒಲೆಗಳು ಕಾಣಸಿಗುವುವು. ಸುಲಿದ ಹಸಿಯಡಿಕೆಯನ್ನು ತಾಮ್ರದ ಹಂಡೆಯಲ್ಲಿ ಚೊಗರಿನೊಡನೆ ಬೇಯಿಸಿ ಒಣಗಿಸಿದರೆ ಕೆಂಪಡಿಕೆಯಾಗುವುದು. ಕೊಯ್ಲಿನ ನಡುವೆ ಒಲೆ ಕುಸಿದರೆ ವರ್ಷದ ಬೆಳೆಗೇ ಕೇಡು.

ಕಬ್ಬಿಣದ ಒಲೆಯನ್ನು ಎತ್ತಿಡಬಹುದು. ಆದರೆ ಇಲ್ಲಿಯ ಮಳೆಗಾಲದ ತೇವಕ್ಕೆ ಅದು ತುಕ್ಕು ಹಿಡಿಯುವುದು. ಚಿರೆಕಲ್ಲಾದರೋ ನೆಲದಡಿಯಲ್ಲಿ ಮೆದುವಾಗಿದ್ದು, ಗಾಳಿ ತಾಗಿದಂತೆಲ್ಲ ಗಟ್ಟಿಯಾಗುವುದು. ಅದರಿಂದ ಒಲೆ ಕಟ್ಟಿ, ಒಳಮೈಗೆ ಮಣ್ಣು ಮೆತ್ತಿ, ಮೇಲೊಂದು ಮಾಡು ಹಾಕಿದರೆ ಸಾಕು. ಬಿರುಕು ಬಿಟ್ಟರೆ ಮನೆಯವರೇ ಮುಚ್ಚಬಹುದು. ಸೌದೆಯುಳಿಸಲು, 1980ರ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ರೂಪಿಸಿದ ‘ಅಸ್ತ್ರ ಒಲೆ’ಯ ಕ್ರಮವನ್ನು ಅನುಸರಿಸಿ, ಬೆಂಕಿಯನ್ನು ಮುಚ್ಚಿ ಹೊಗೆಕೊಳವೆ ಇಡುವುದು ಲೇಸು. ಒಲೆ ಮಾಡಿಸುವ ಗೃಹಸ್ಥರು, ಕೆಟ್ಟರೆ ಸರಿಪಡಿಸುವವರಾರೆಂಬುದನ್ನು ಬೆಲೆಗಿಂತ ಮೊದಲು ವಿಚಾರಿಸತಕ್ಕದ್ದು.