ಕರೆಂಟಿನ ಜಾಡು ಹಿಡಿದು

ಹಳೇ ಡೀಸೆಲ್ ಪಿಕಪ್ಪು ತನ್ನ ಕಾಯಿಲೆಯನ್ನು ಬೇಗ ಬಾಯಿಬಿಡುವುದಿಲ್ಲ. ಪೆಟ್ರೋಲ್ ಗಾಡಿಯಾದರೆ ಚಾರ್ಜಿಂಗ್ ನಿಂತ ಸ್ವಲ್ಪ ಹೊತ್ತಿಗೆ ಕಿಡಿ ಸಾಲದೆ ದಾರಿಯಲ್ಲೇ ನಿಲ್ಲುತ್ತದೆ. ಕೇಬಲ್ ಎಳೆದು ಆಫ್ ಮಾಡುವ ಹಳೇ ಕಾಲದ ಡೀಸೆಲ್ ಎಂಜಿನ್ನಿಗೆ ಕಿಡಿಯ ಹಂಗೇ ಇಲ್ಲ. ಒಮ್ಮೆ ಸ್ಟಾರ್ಟ್ ಆಯಿತೆಂದರೆ, ಆಲ್ಟರ್ನೇಟರ್ ಸತ್ತೇ ಹೋಗಿದ್ದರೂ ಅಡಿಕೆ ಮೂಟೆ ಹೊತ್ತು ತೀರ್ಥಹಳ್ಳಿಯಿಂದ ಶಿವಮೊಗ್ಗದ ಮಂಡಿಗೆ ಹೋಗಿ ಬಂದುಬಿಡುತ್ತದೆ. ವಿಷಯ ತಿಳಿಯುವುದು ಮಾರನೇ ಬೆಳಿಗ್ಗೆ, ಸೆಲ್ಫ್ ಹೊಡೆದಾಗ ಬರೀ ‘ಟಕ್’ ಎಂದಾಗ.

ಆ ಸದ್ದು ಕೇಳಿದ ಕೂಡಲೇ ಸುತ್ತ ಇದ್ದವರೆಲ್ಲ ಒಂದೇ ಮಾತು ಹೇಳುತ್ತಾರೆ: ‘ಬ್ಯಾಟ್ರಿ ಹೋಗಿದೆ ಕಣ್ರೀ, ಹೊಸದು ಹಾಕ್ಸಿಬಿಡಿ.’ ಈ ಮಾತಿಗೆ ನಾನು ಒಪ್ಪುವವನಲ್ಲ. ಮೀಟರ್ ಹೇಳದೆ ಒಂದು ನಟ್ಟನ್ನೂ ಬಿಚ್ಚಬಾರದು. ರಾತ್ರಿಯಿಡೀ ಸುಮ್ಮನೆ ನಿಂತ ಬ್ಯಾಟರಿಯಲ್ಲಿ 12.6 ವೋಲ್ಟ್ ಇದ್ದರೆ ತುಂಬಿದೆ, 12.2 ಇದ್ದರೆ ಹೆಚ್ಚುಕಮ್ಮಿ ಅರ್ಧ. ಆಮೇಲೆ ಆರೂ ಮುಚ್ಚಳ ತೆಗೆದು ಹೈಡ್ರೋಮೀಟರ್ ಇಳಿಸುತ್ತೇನೆ. ಐದು ಸೆಲ್ಲಿನಲ್ಲಿ ತೇಲುಕಡ್ಡಿ 1.26ರ ಹತ್ತಿರ ನಿಂತು ಒಂದರಲ್ಲಿ ಮಾತ್ರ ಮುಳುಗಿದರೆ ಬ್ಯಾಟರಿಯದೇ ತಪ್ಪು. ಆರರಲ್ಲೂ ಒಂದೇ ಸಮ ಇಳಿದಿದ್ದರೆ ಅದಕ್ಕೆ ರೋಗವಿಲ್ಲ, ಹಸಿವಿದೆ. ಉಣಿಸಬೇಕಾದವರು ಉಣಿಸುತ್ತಿಲ್ಲ. ಹಸಿದದ್ದನ್ನು ಗುಜರಿಗೆ ಹಾಕಿ ಹೊಸದು ತಂದರೆ ಅದೂ ನಾಲ್ಕು ದಿನದಲ್ಲಿ ಹೀಗೇ ಮಲಗುತ್ತದೆ.

ಎಂಜಿನ್ ಓಡುವಾಗ ಬ್ಯಾಟರಿಯ ಎರಡು ಲಗ್ಗುಗಳ ನಡುವೆ 13.8ರಿಂದ 14.4 ಕಾಣಬೇಕು. 15 ದಾಟಿದರೆ ರೆಗ್ಯುಲೇಟರ್ ಕೈಕೊಟ್ಟಿದೆ, ಆಸಿಡ್ ಕುದಿಯುವಂತೆ ಗುಳ್ಳೆ ಎದ್ದು ನೀರು ಕಡಿಮೆಯಾಗುತ್ತದೆ. ಏರಲೇ ಇಲ್ಲವೆಂದರೆ ಮೊದಲು ಬೆಲ್ಟು. ಅದು ಬಿಗಿಯಾಗಿದ್ದರೆ, ಡ್ಯಾಶ್‌ಬೋರ್ಡಿನ ಕೆಂಪು ಚಾರ್ಜಿಂಗ್ ದೀಪ. ಕೀ ತಿರುಗಿಸಿದಾಗ ಅದು ಹೊತ್ತಿಕೊಳ್ಳಲೇಬೇಕು. ಎಷ್ಟೋ ಜನ ಅದನ್ನು ಬರೀ ಎಚ್ಚರಿಕೆಯ ದೀಪವೆಂದುಕೊಂಡಿದ್ದಾರೆ. ಹಳೇ ವೈರಿಂಗಿನಲ್ಲಿ ಆ ಪುಟ್ಟ ಬಲ್ಬಿನ ಮೂಲಕ ಹಾಯುವ ಚೂರು ಕರೆಂಟೇ ರೋಟರಿನ ಸುರುಳಿಯನ್ನು ಅಯಸ್ಕಾಂತ ಮಾಡುವುದು. 1831ರಲ್ಲಿ ಮೈಕಲ್ ಫ್ಯಾರಡೆ ತಂತಿಸುರುಳಿಯ ಬಳಿ ಅಯಸ್ಕಾಂತ ಆಡಿಸಿ ಕಂಡುಕೊಂಡದ್ದೇ ನಮ್ಮ ಬಾನೆಟ್ಟಿನ ಕೆಳಗೂ ನಡೆಯುತ್ತಿರುವುದು. ಬಲ್ಬು ಸುಟ್ಟುಹೋಗಿದ್ದರೆ ಆ ಅಯಸ್ಕಾಂತವೇ ಏಳದೆ, ಗಟ್ಟಿಮುಟ್ಟಾದ ಆಲ್ಟರ್ನೇಟರ್ ಸುಮ್ಮನೆ ಗಿರಗಿರ ತಿರುಗುತ್ತಿರಬಹುದು. ಇದನ್ನು ಮೊದಲ ಸಲ ಅರ್ಥಮಾಡಿಕೊಂಡಾಗ ಆದ ಖುಷಿ ಇನ್ನೂ ಹಾಗೇ ಇದೆ.

ನಮ್ಮ ಡೀಸೆಲ್ ಗಾಡಿಗಳಲ್ಲಿ ಇನ್ನೊಂದು ಸೂಕ್ಷ್ಮವಿದೆ. ಬ್ರೇಕಿಗೆ ಬೇಕಾದ ವ್ಯಾಕ್ಯೂಮ್ ಪಂಪನ್ನು ಅನೇಕ ಗಾಡಿಗಳಲ್ಲಿ ಆಲ್ಟರ್ನೇಟರಿನ ಬೆನ್ನಿಗೇ ಕೂರಿಸಿರುತ್ತಾರೆ. ಅದರ ಆಯಿಲ್ ಸೀಲ್ ಸವೆದರೆ ಎಣ್ಣೆ ಒಳಗಿಳಿದು ಕಾರ್ಬನ್ ಬ್ರಷ್ಷಿಗೆಲ್ಲ ಜಿಡ್ಡು ಹಿಡಿಸುತ್ತದೆ. ಹಾಗಾಗಿ ಚಾರ್ಜಿಂಗ್ ದೂರು ಬಂದಾಗ ಬ್ರೇಕ್ ಪೆಡಲೂ ಗಟ್ಟಿಯಾಗಿದೆಯಾ ಎಂದು ಕೇಳುವ ಎಲೆಕ್ಟ್ರಿಷಿಯನ್ ಸಿಕ್ಕರೆ ಅವನನ್ನು ಬಿಡಬೇಡಿ. ಎಂಜಿನ್ ಓಡುತ್ತಿರುವಾಗಲೇ ಬ್ಯಾಟರಿ ಲಗ್ಗು ಕಿತ್ತು ‘ನೋಡಿ, ಡೈನಮೋ ಸರಿ ಇದೆ’ ಎನ್ನುವವನ ಹತ್ತಿರ ಮಾತ್ರ ಗಾಡಿ ಬಿಡಬೇಡಿ. ಆ ಕ್ಷಣದಲ್ಲಿ ವೋಲ್ಟೇಜ್ ಒಮ್ಮೆಲೇ ನೆಗೆದು ಒಳಗಿನ ಡಯೋಡುಗಳನ್ನು ಸುಟ್ಟುಬಿಡಬಹುದು.

ನನಗೆ ಅತ್ಯಂತ ಪ್ರಿಯವಾದದ್ದು ಕಳೆದುಹೋದ ವೋಲ್ಟನ್ನು ಹುಡುಕುವ ಕೆಲಸ. ಕಳೆದ ಮಳೆಗಾಲದಲ್ಲಿ ನಮ್ಮ ಪಿಕಪ್ಪು ಹಗಲು ಸರಿಯಾಗಿ ಚಾರ್ಜ್ ತೋರಿಸುತ್ತಿತ್ತು. ಹೆಡ್‌ಲೈಟು, ವೈಪರು, ಬ್ಲೋಯರು ಮೂರನ್ನೂ ಹಾಕಿದರೆ ಬ್ಯಾಟರಿಯಲ್ಲಿ 12.9ಕ್ಕೆ ಇಳಿಯುತ್ತಿತ್ತು. ಅವನ್ನೆಲ್ಲ ಹಾಕಿಟ್ಟುಕೊಂಡೇ ಆಲ್ಟರ್ನೇಟರಿನ ಮೈಮೇಲೆ ಅಳೆದೆ: 14.1. ಹುಟ್ಟುವಲ್ಲಿ ಇದೆ, ಮುಟ್ಟುವಲ್ಲಿ ಇಲ್ಲ. ನಡುವೆ 1.2 ವೋಲ್ಟ್ ಯಾರು ತಿನ್ನುತ್ತಿದ್ದಾರೆ? ಮೀಟರಿನ ಒಂದು ಮುಳ್ಳನ್ನು ಆಲ್ಟರ್ನೇಟರಿನ ದಪ್ಪ ವೈರಿನ ಬೋಲ್ಟಿಗೆ, ಇನ್ನೊಂದನ್ನು ಬ್ಯಾಟರಿಯ ಪ್ಲಸ್ಸಿಗೆ ಹಿಡಿದೆ. 0.15. ಅಷ್ಟು ಸಹಜ. ಆಮೇಲೆ ಆಲ್ಟರ್ನೇಟರಿನ ಬಾಡಿಗೂ ಬ್ಯಾಟರಿಯ ಮೈನಸ್ಸಿಗೂ ನಡುವೆ ಹಿಡಿದೆ. 1.05! ಎರಡೂ ಕೂಡಿಸಿದರೆ ಸರಿಯಾಗಿ 1.2, ಪೈಸೆಗೆ ಪೈಸೆ ಲೆಕ್ಕ ಸಿಕ್ಕಿತು.

ಹೋಗುವ ದಾರಿಯನ್ನು ಎಲ್ಲರೂ ಪರೀಕ್ಷೆ ಮಾಡುತ್ತಾರೆ, ಕರೆಂಟು ವಾಪಸು ಬರುವ ದಾರಿಯನ್ನು ಯಾರೂ ನೋಡುವುದಿಲ್ಲ. ಎಂಜಿನ್ನಿನಿಂದ ಚಾಸಿಗೆ ಬರುವ ಹೆಣೆದ ಅರ್ಥ್ ಪಟ್ಟಿ ಕೆಳಗೆ, ಕೆಸರು ರಾಚುವ ಜಾಗದಲ್ಲಿತ್ತು. ಮಲೆನಾಡಿನ ಮಳೆ ಅದರ ಎಳೆಗಳನ್ನು ಹಸಿರು ಪುಡಿ ಮಾಡಿತ್ತು. ನಾಲ್ಕೈದು ಎಳೆ ಉಳಿದಿದ್ದವೇನೋ. ಕಡಿಮೆ ಕರೆಂಟಿಗೆ ಅವೇ ಸಾಕಾಗುತ್ತಿದ್ದವು, ದೀಪ ಹಾಕಿದ ಕೂಡಲೇ ಸೋಲುತ್ತಿದ್ದವು.

ಹೊಸ ಪಟ್ಟಿ ತಂದೆ. ಚಾಸಿಯ ಬಣ್ಣ ಉಜ್ಜಿ ಬರಿ ಕಬ್ಬಿಣ ಕಾಣುವಂತೆ ಮಾಡಿ, ಬೋಲ್ಟು ಬಿಗಿದು, ಮೇಲೆ ಗ್ರೀಸ್ ಮೆತ್ತಿದೆ. ಮೂರನ್ನೂ ಮತ್ತೆ ಹಾಕಿ ಬ್ಯಾಟರಿಯ ಮೇಲೆ ಅಳೆದರೆ 13.9. ಹಳೇ ಬ್ಯಾಟರಿ ಇವತ್ತಿಗೂ ಅದೇ ಜಾಗದಲ್ಲಿದೆ. ವ್ಯಾಕ್ಯೂಮ್ ಪಂಪಿನ ಕೆಳಗೆ ಈಚೆಗೆ ಸಣ್ಣಗೆ ಎಣ್ಣೆ ಜಿನುಗುತ್ತಿರುವಂತೆ ಕಾಣುತ್ತಿದೆ, ಬರುವ ಭಾನುವಾರ ಅದನ್ನು ಬಿಚ್ಚಬೇಕು.