ಕೌಜುಗದ ಕೂಗು
ಫಾಲ್ಗುಣದಲ್ಲಿ ಜೋಳದ ಸುಗ್ಗಿ ಮುಗಿಯುತ್ತಲೇ ನಾವು ಗೆಳೆಯರೊಡನೆ ಸೊಲ್ಲಾಪುರದಿಂದ ಅಕ್ಕಲಕೋಟೆಯ ಸೋದರಮಾವನ ಹೊಲಕ್ಕೆ ಕೌಜುಗದ ಬೇಟೆಗೆ ಹೋಗುತ್ತಿದ್ದೆವು. ನಸುಕಿನಲ್ಲಿ ಸಾಕಿದ ಕೌಜುಗದ ಪಂಜರವನ್ನು ಬದುವಿನ ಮೇಲಿಟ್ಟು, ಸುತ್ತಲೂ ಉರುಲು ಹೂಡಿ, ಉಸಿರು ಬಿಗಿಹಿಡಿದು ಕೂಡುತ್ತಿದ್ದೆವು. ಅದು ಕೂಗಿದೊಡನೆ ಕಾಡಿನ ಹಕ್ಕಿ, ತನ್ನ ನೆಲಕ್ಕೆ ಪರರು ಬಂದರೆಂದು ಕೆರಳಿ, ಓಡಿಬಂದು ಸಿಲುಕುತ್ತಿತ್ತು. ಒಮ್ಮೆ ಹಾಗೆ ಸಿಲುಕಿದ ಹಕ್ಕಿಯ ಜೋಡಿ ಸಂಜೆಯವರೆಗೂ ಅಲ್ಲಿಯೇ ಕೂಗುತ್ತಿತ್ತು. ಆ ರಾತ್ರಿ ಅತ್ತೆಯವರು ಬಡಿಸಿದ ತುತ್ತು ನಮಗೆ ಇಳಿಯಲಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೆ ಮಾವನವರು ಉರುಲುಗಳನ್ನು ಒಲೆಗೆ ಹಾಕಿದರು.

ಈಚೆಗೆ ಮೊಮ್ಮಗನೊಡನೆ ಸೊಲ್ಲಾಪುರದ ಬಳಿಯ ನಾನ್ನಜಕ್ಕೆ ಹೋಗಿದ್ದೆವು. ಮಾಳಢೋಕ ಪಕ್ಷಿಗೆಂದು 1979ರಲ್ಲಿ ಅಭಯಾರಣ್ಯವಾದ ಹುಲ್ಲುಗಾವಲು ಅದು. ಮಾಳಢೋಕ ಕಾಣಲಿಲ್ಲ, ಎಲ್ಲಿಯೋ ಕೌಜುಗವೊಂದು ಕೂಗಿತು. “ಅಜ್ಜಾ, ಅದು ಯಾರನ್ನು ಕರೆಯುತ್ತಿದೆ?” ಎಂದು ಹುಡುಗ ಕೇಳಿದ. ಉತ್ತರ ಬಲ್ಲ ನಮಗೆ ಬಾಯಿ ಬರಲಿಲ್ಲ.