ಹನ್ನೊಂದನೆಯ ಆಟ

ವಿಡಿಯೋ ಆಟವೆಂದೊಡನೆ ನಮ್ಮ ಅಧ್ಯಾಪಕರಲ್ಲಿ ಕೆಲವರು ಹುಬ್ಬು ಗಂಟಿಕ್ಕುವರೆಂಬುದನ್ನು ನಾನು ಬಲ್ಲೆ. ಆಡಿದ್ದು ಪರೀಕ್ಷೆ ಮುಗಿದ ಮೇಲಿನ ರಜೆಯಲ್ಲಿ ಎಂದು ಮೊದಲೇ ಅರಿಕೆ ಮಾಡಿಕೊಂಡು ಮುಂದುವರಿಯುತ್ತೇನೆ.

ಆಟದ ಹೆಸರು 'ಡ್ರಾಗನ್ ಕ್ವೆಸ್ಟ್'. ಇದರ ಮೊದಲನೆಯದು ಜಪಾನಿನಲ್ಲಿ 1986ರಲ್ಲಿ ಹೊರಬಂದಿತು. ಕಥೆ ಮತ್ತು ರಚನೆ ಯೂಜಿ ಹೋರಿಯಿ ಅವರದು. ಚಿತ್ರ ಅಕಿರ ತೋರಿಯಾಮ ಅವರದು. ಸಂಗೀತ ಕೊಯಿಚಿ ಸುಗಿಯಾಮ ಅವರದು. 2017ರಲ್ಲಿ ಹನ್ನೊಂದನೆಯದು ಬಂದಾಗಲೂ ಅದೇ ಮೂವರು! ಸುಗಿಯಾಮ 2021ರಲ್ಲಿಯೂ ತೋರಿಯಾಮ 2024ರಲ್ಲಿಯೂ ತೀರಿಕೊಂಡರು.

ಮೊದಲನೆಯದನ್ನು ನಾನು ಮೊಬೈಲಿನಲ್ಲಿ ಆಡಿದ್ದೆ. ಆದುದರಿಂದ ಹನ್ನೊಂದನೆಯದನ್ನು ತೆರೆದಾಗ ಹಳೆಯ ಊರಿಗೆ ಹೊಸ ರಸ್ತೆಯಲ್ಲಿ ಹೋದಂತಾಯಿತು. ಬೆಟ್ಟ, ಸಮುದ್ರ, ಹುಲ್ಲಿನ ಮೇಲೆ ಓಡುವ ಬಿಸಿಲು ಎಲ್ಲವೂ ಹೊಸತು. ಆದರೆ ನೀರಹನಿಯಂತಿರುವ ಆ ನೀಲಿಯ ಸ್ಲೈಮ್ ಎಂಬ ಪ್ರಾಣಿ ಮಾತ್ರ ಅದೇ ನಗೆಯನ್ನು ನಗುತ್ತ ದಾರಿಯಲ್ಲಿ ಕುಪ್ಪಳಿಸುತ್ತಿತ್ತು. ಕಾಳಗದಲ್ಲಿ ಒಬ್ಬರ ಸರದಿ ಮುಗಿದ ಮೇಲೆಯೇ ಇನ್ನೊಬ್ಬರದು. ನಾನು ಎದ್ದು ಹೋಗಿ ನೀರು ಕುಡಿದು ಬಂದರೂ ರಾಕ್ಷಸನು ತೂಗಾಡುತ್ತ, ನನ್ನ ಅಪ್ಪಣೆಗಾಗಿ ಕಾಯುತ್ತ ನಿಂತಿರುತ್ತಾನೆ. ಇಂಥ ಸಭ್ಯ ರಾಕ್ಷಸರು ಈಗಿನ ಆಟಗಳಲ್ಲಿ ಕಡಿಮೆ. ಇದು ಹಳೆಯ ಕಾಲದ ಪದ್ಧತಿಯೆಂದು ಮಿತ್ರರು ಹಾಸ್ಯಮಾಡುತ್ತಾರೆ. ಯೋಚಿಸಲು ಸಮಯ ಕೊಡುವ ಪದ್ಧತಿ ಹಳೆಯದಾದರೇನು?

ನಾಯಕನೂ ಹಳೆಯ ಮಾದರಿಯವನೇ. ಒಂದು ಮಾತನ್ನೂ ಆಡುವುದಿಲ್ಲ. ಹಳ್ಳಿಯಲ್ಲಿ ಬೆಳೆದ ಹುಡುಗ. ಲೋಕವನ್ನುಳಿಸಲು ಹುಟ್ಟಿದವನೆಂದು ತಿಳಿದು ರಾಜಧಾನಿಗೆ ಹೋದರೆ ರಾಜನು ಸೆರೆಮನೆಗೆ ತಳ್ಳುತ್ತಾನೆ. ಅಲ್ಲಿ ಎರಿಕ್ ಎಂಬ ಕಳ್ಳನ ಸ್ನೇಹ. ಮುಂದೆ ಸೆರೀನಾ, ವೆರೋನಿಕಾ ಎಂಬ ಅವಳಿ ಅಕ್ಕತಂಗಿಯರು ಜೊತೆಗೂಡುತ್ತಾರೆ. ಮಾಟದಿಂದಾಗಿ ವೆರೋನಿಕಾಳ ಮೈ ಮಾತ್ರ ಪುಟ್ಟ ಹುಡುಗಿಯದಾಗಿದೆ, ಬಾಯಿ ಮೆಣಸಿನಕಾಯಿ.

ಇಲ್ಲಿ ಒಂದು ವಿಷಯವನ್ನು ಹೇಳಬೇಕು. ಈ ಮಾಲಿಕೆಯಲ್ಲಿ ಸಾವು ದೊಡ್ಡ ಸಂಗತಿಯಲ್ಲ. ಸಂಗಡಿಗರು ಕಾಳಗದಲ್ಲಿ ಸತ್ತರೆ ಚರ್ಚಿಗೆ ಹೋಗಿ ಕಾಸು ಕೊಟ್ಟರಾಯಿತು, ಪಾದ್ರಿಯು ಎಬ್ಬಿಸಿಕೊಡುತ್ತಾನೆ. ನನ್ನ ವೆರೋನಿಕಾ ಹಾಗೆ ಹತ್ತಾರು ಸಲ ಸತ್ತು ಎದ್ದಿದ್ದಳು.

ಕಥೆಯ ನಡುವೆ ಮಾರ್ಡೆಗಾನನು ಲೋಕವೃಕ್ಷದ ತಿರುಳನ್ನು ಕಸಿದುಕೊಳ್ಳುತ್ತಾನೆ. ಮರವೇ ಕೆಳಗುರುಳಿ ಲೋಕ ಹಾಳಾಗುತ್ತದೆ. ಚದರಿದ ಸಂಗಡಿಗರನ್ನು ಒಬ್ಬೊಬ್ಬರನ್ನಾಗಿ ಹುಡುಕುತ್ತ ಹೋದೆ. ಎಲ್ಲರೂ ಸಿಕ್ಕರು. ವೆರೋನಿಕಾಳದು ಒಂದು ದಂಡ ಮಾತ್ರ ಸಿಕ್ಕಿತು. ಉಳಿದವರನ್ನು ಉಳಿಸಿ ತಾನು ಹೋಗಿದ್ದಳು. ಈ ಸಾವಿಗೆ ಯಾವ ಪಾದ್ರಿಯ ಬಳಿಯೂ ಬೆಲೆಪಟ್ಟಿ ಇರಲಿಲ್ಲ. ಮೆತ್ತನೆಯ ಸ್ವಭಾವದ ಸೆರೀನಾ ತನ್ನ ಉದ್ದ ಕೂದಲನ್ನು ಕತ್ತರಿಸಿಕೊಂಡು, ಅಕ್ಕನ ಮಂತ್ರಗಳನ್ನು ತಾನೇ ಹೊತ್ತು ನಿಂತಳು.

ಆ ರಾತ್ರಿ ನಾನು ಆಟವನ್ನು ಅಲ್ಲಿಗೇ ನಿಲ್ಲಿಸಿದೆ. ಮೂರು ವರ್ಷದ ಹಿಂದೆ ನಮ್ಮ ಅಣ್ಣ ತೀರಿಕೊಂಡ. ಬಸ್ ನಿಲ್ದಾಣದ ಎದುರು ಅವನದೊಂದು ಜೆರಾಕ್ಸ್ ಅಂಗಡಿಯಿತ್ತು. ಸಂತೆಗಲ್ಲದೆ ಬೇರೆಲ್ಲಿಗೂ ಒಬ್ಬಳೇ ಹೋಗದಿದ್ದ ಅಮ್ಮ, ತಿಂಗಳು ಕಳೆದ ಮೇಲೆ ಹೋಗಿ ಅಂಗಡಿಯ ಬಾಗಿಲು ತೆಗೆದಳು. ಈಗ ಯಂತ್ರದಲ್ಲಿ ಕಾಗದ ಸಿಕ್ಕಿಕೊಂಡರೆ ಮುಚ್ಚಳ ತೆಗೆದು ತಾನೇ ಎಳೆಯುತ್ತಾಳೆ. ಸಾಲ ಹೇಳುವ ಗಿರಾಕಿಗಳನ್ನು ಗದರಿಸುತ್ತಾಳೆ. "ಇವನ್ನೆಲ್ಲ ಯಾವಾಗ ಕಲಿತೆಯಮ್ಮ?" ಎಂದು ಒಮ್ಮೆ ಕೇಳಿದೆ. "ಕಲಿಯದೆ ಏನು ಮಾಡಲೋ?" ಎಂದಳು.

ಇರಲಿ. ಮಾರ್ಡೆಗಾನನನ್ನು ಕೊಂದಾಯಿತು, ಲೋಕ ಚೇತರಿಸಿಕೊಂಡಿತು. ಆಟ ಅಲ್ಲಿಗೇ ಮುಗಿಯಬಹುದಿತ್ತು. ಆದರೆ ಒಂದು ಗೋಪುರದಲ್ಲಿ ಕಾಲವನ್ನು ಕಾಯುವವನೊಬ್ಬನಿದ್ದಾನೆ. ನಾಯಕನು ಬಯಸಿದರೆ ಹಿಂದಿನ ಕಾಲಕ್ಕೆ ಮರಳಿ ವೆರೋನಿಕಾಳನ್ನು ಉಳಿಸಬಹುದು, ಹೋಗುವವನು ಅವನೊಬ್ಬನೇ. ಹಿಂದಿನ ಕಾಲದಲ್ಲಿರುವ ಸಂಗಡಿಗರಿಗೆ ಈ ಕಷ್ಟದ ದಿನಗಳಾವುವೂ ತಿಳಿದಿರುವುದಿಲ್ಲ. ಹೌದೋ ಅಲ್ಲವೋ ಎಂದು ಆಟ ಕೇಳುತ್ತದೆ.

ನಾಲ್ಕು ದಿನ ನಾನು ಉತ್ತರ ಕೊಡಲಿಲ್ಲ. ನಿಜವಾಗಿ ಅಂಥ ಗೋಪುರವೊಂದು ನಮ್ಮೂರ ಬಳಿಯಿದ್ದರೆ ಹಿಂದುಮುಂದು ನೋಡದೆ ಓಡುತ್ತಿದ್ದೆ. ಅಣ್ಣನಿಗಿಂತ ನಮಗೆ ಬೇರೇನು ಬೇಕು? ಆದರೂ ಅಂಗಡಿಯಲ್ಲಿ ಕನ್ನಡಕವೇರಿಸಿ ಕುಳಿತ ಆ ಅಮ್ಮ ಆಗ ಎಲ್ಲಿರುತ್ತಿದ್ದಳು ಎಂಬ ಪ್ರಶ್ನೆ ಬಿಡಲಿಲ್ಲ. ಅವಳನ್ನೇ ಕೇಳಿದ್ದರೆ ಅಂಗಡಿಯ ಬೀಗದ ಕೈಯನ್ನು ಗೋಪುರದ ಮೆಟ್ಟಿಲ ಮೇಲೆಸೆದು ಬರುತ್ತಿದ್ದಳೆಂಬುದರಲ್ಲಿ ಸಂಶಯವಿಲ್ಲ. ಐದನೆಯ ದಿನ ಹೌದೆಂದು ಒತ್ತಿದೆ.

ವೆರೋನಿಕಾ ಬದುಕಿದಳು. ಬಂದೊಡನೆ ಗದರಿಸಿದಳು, ಕೇಳಿ ನನಗೆ ನಗು ಬಂತು, ಗಂಟಲೂ ಕಟ್ಟಿತು. ಪಕ್ಕದಲ್ಲಿ ಸೆರೀನಾ ಉದ್ದ ಕೂದಲಿನೊಂದಿಗೆ, ಏನೂ ಆಗದವಳಂತೆ ನಿಂತಿದ್ದಳು. ನಡೆದುದೆಲ್ಲ ಗೊತ್ತಿದ್ದವನು ನಾಯಕನೊಬ್ಬನೇ. ಅವನಿಗೋ ಮಾತಿಲ್ಲ. ಮೂವತ್ತು ವರ್ಷಗಳ ಆ ಹಳೆಯ ಮೌನಕ್ಕೆ ಇಲ್ಲಿ ಹೊಸ ಅರ್ಥ ಬಂದಂತೆ ನನಗೆ ತೋರಿತು. ಮುಂದೆ, ಸಂಗಡಿಗರು ಆ ಕಷ್ಟಕಾಲದಲ್ಲಿ ಕಲಿತ ವಿದ್ಯೆಗಳನ್ನು ಆಟವೇ ಯಾವುದೋ ಬೆಳಕಿನ ನೆಪದಲ್ಲಿ ಹಿಂದಿರುಗಿಸಿಬಿಡುತ್ತದೆ. ಇದು ಮಾತ್ರ ನನಗೆ ಸರಿಬೀಳಲಿಲ್ಲ. ಕೇಳಿದ ಬೆಲೆಯನ್ನು ಕಡೆಯವರೆಗೂ ವಸೂಲು ಮಾಡುವ ಧೈರ್ಯ ಅದಕ್ಕಿರಬೇಕಿತ್ತು.

ಕೊನೆಯ ಶತ್ರು ಇನ್ನೂ ಉಳಿದಿದ್ದಾನೆ. ನನ್ನ ನಾಯಕನ ಬಲ ಅವನಿಗೆ ಸಾಲದು. ಅದಕ್ಕಾಗಿ ಲೋಹದ ಸ್ಲೈಮುಗಳನ್ನು ಹುಡುಕಿಕೊಂಡು ತಿರುಗುತ್ತಿದ್ದೇನೆ; ಅವು 1986ರಲ್ಲಿ ಓಡುತ್ತಿದ್ದಂತೆಯೇ ಕಂಡೊಡನೆ ಓಡುತ್ತವೆ.